ಜೀರ್ಣೋದ್ಧಾರವೋ, ಜೀರ್ಣೋದ್ದಾರವೋ? ಫಲಕ ಕೆತ್ತಿಸುವ ಮುನ್ನ

ನಾಪೋಕ್ಲು_ನಾಡು:
ಎಲ್ಲರಿಗೂ ನಮಸ್ಕಾರ. ಕೊಡಗಿನ ನಮ್ಮ ಊರ ದೇವಸ್ಥಾನದ ಕೆಲಸ ಮುಗಿಯುತ್ತ ಬಂದಿದೆ. ಗ್ರಾನೈಟ್ ಫಲಕಕ್ಕೆ ಸಿದ್ಧವಾದ ಕರಡಿನಲ್ಲಿ ಒಂದೇ ಪದ ಮೂರು ಥರ ಇದೆ. ತಲೆಬರಹದಲ್ಲಿ ‘ಜೀರ್ಣೋದ್ದಾರ’, ನಡುವಿನ ಸಾಲಿನಲ್ಲಿ ‘ಜೀರ್ಣೋಧಾರ’, ಸಮಿತಿಯ ಹೆಸರಿನಲ್ಲಿ ‘ಜೀರ್ಣೋದ್ಧಾರ’. ಕಲ್ಲಿನ ಮೇಲೆ ಒಮ್ಮೆ ಬಿದ್ದರೆ ತಿದ್ದಲಾಗದು. ಕೇಳಬೇಕಾದ್ದು ಮೂರು ವಿಷಯ: ಸರಿಯಾದ ರೂಪ ಯಾವುದು, ಏಕೆ? ಗರ್ಭಗುಡಿ ಹಳೆಯದೇ, ಮುಂದಿನ ಮಂಟಪ ಮಾತ್ರ ಪೂರ್ತಿ ಹೊಸದು. ಎರಡಕ್ಕೂ ಇದೇ ಪದ ನಡೆಯುತ್ತದೆಯೇ? ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕೆಲಸಕ್ಕೂ ಆಮಂತ್ರಣದಲ್ಲಿ ಇದನ್ನೇ ಬಳಸಬಹುದೇ, ಅಥವಾ ‘ನವೀಕರಣ’ ಎನ್ನಬೇಕೇ?

ಸಂಧಿವಿಗ್ರಹ:
ಮೂರನೆಯದೇ ಸರಿ: ಜೀರ್ಣೋದ್ಧಾರ. ಬಿಡಿಸಿ ನೋಡಿದರೆ ಮತ್ತೆ ಮರೆಯುವುದಿಲ್ಲ.

ಜೀರ್ಣ + ಉದ್ಧಾರ. ಅಕಾರದ ಮುಂದೆ ಉಕಾರ ಬಂದು ಓಕಾರವಾಗಿದೆ, ಗುಣಸಂಧಿ. ಹಾಗಾಗಿ ‘ಣೋ’ ದೀರ್ಘ. ‘ಜೀರ್ಣೊದ್ಧಾರ’ ಎಂದು ಹ್ರಸ್ವ ಬರೆದರೆ ತಪ್ಪು.

ಇನ್ನು ಉದ್ಧಾರ. ಇದು ಉತ್ + ಹಾರ. ಆಹಾರ, ವಿಹಾರ, ಪ್ರಹಾರ, ಸಂಹಾರ ಇವುಗಳಲ್ಲಿರುವ ‘ಹಾರ’ವೇ ಇಲ್ಲೂ ಇರುವುದು, ಧಾತು ಹೃ, ಒಯ್ಯು ಎಂಬ ಅರ್ಥ. ‘ಉತ್’ ಎಂದರೆ ಮೇಲಕ್ಕೆ. ಮೇಲಕ್ಕೆ ಒಯ್ಯುವುದು, ಎತ್ತುವುದು. ‘ತ್’ ಮುಂದೆ ‘ಹ’ ಬಂದಾಗ ತ್ ದ್ ಆಗುತ್ತದೆ, ಹಕಾರ ತನ್ನ ಉಸಿರನ್ನು ಉಳಿಸಿಕೊಂಡು ಧ ಆಗುತ್ತದೆ. ತತ್ + ಹಿತ = ತದ್ಧಿತ ಆದದ್ದೂ ಹೀಗೆಯೇ. ಶಾಲೆಯಲ್ಲಿ ತದ್ಧಿತಾಂತ ಓದಿದವರಿಗೆ ಈ ದ್ಧ ಪರಿಚಿತ. ಅಂದರೆ ಆ ಒತ್ತಿನ ಧ ಅಲಂಕಾರಕ್ಕೆ ಬಂದದ್ದಲ್ಲ, ‘ಹಾರ’ದ ಹಕಾರ ಅಲ್ಲಿ ಅಡಗಿ ಕೂತಿದೆ. ‘ಉದ್ದೇಶ’ದಲ್ಲಿ ಹಾಗಿಲ್ಲ, ಅದು ಉತ್ + ದೇಶ. ಅಲ್ಲಿ ಹಕಾರವೇ ಇಲ್ಲದ ಕಾರಣ ದ್ದ ಸರಿ. ಉದ್ದೇಶ ನೋಡಿ ಉದ್ಧಾರವನ್ನೂ ಹಾಗೇ ಬರೆಯುವುದರಿಂದ ಈ ತಪ್ಪು ಬಂದಿರುವ ಸಾಧ್ಯತೆ ಹೆಚ್ಚು.

‘ಜೀರ್ಣೋಧ್ಧಾರ’ ಎಂದು ಮೇಲೆ ಕೆಳಗೆ ಎರಡೂ ಧ ಬರೆಯುವವರೂ ಇದ್ದಾರೆ. ಅದೂ ತಪ್ಪು. ಬುದ್ಧಿ, ಸಿದ್ಧ, ಶುದ್ಧ, ಯುದ್ಧ ಎಲ್ಲದರಲ್ಲೂ ಮೇಲಿನದು ಅಲ್ಪಪ್ರಾಣ, ಒತ್ತಿನದು ಮಹಾಪ್ರಾಣ. ‘ಜೀರ್ಣೋಧಾರ’ದಲ್ಲಂತೂ ‘ಉತ್’ನ ತಕಾರವೇ ಕಳೆದುಹೋಗಿದೆ.

ಕಕ್ಕಬ್ಬೆಮಳೆ:
ಜೀರ್ಣ ಅಂದ್ರೆ ಊಟ ಜೀರ್ಣ ಆಗೋದಲ್ವಾ? ಅದಕ್ಕೂ ಹಳೇ ಗುಡಿಗೂ ಏನು ಸಂಬಂಧ ಸರ್?

ಸಂಧಿವಿಗ್ರಹ:
ಒಂದೇ ಧಾತು, ಜೃ. ಸವೆ, ಮುಪ್ಪಾಗು ಎಂದು ಅರ್ಥ. ಜರಾ, ಅಜರ, ಜರ್ಜರ ಅದೇ ಮೂಲದವು. ತಿಂದದ್ದು ಹೊಟ್ಟೆಯಲ್ಲಿ ಸವೆದು ಕರಗಿದರೆ ಜೀರ್ಣ, ಬಟ್ಟೆ ಉಟ್ಟು ಉಟ್ಟು ಸವೆದರೆ ಜೀರ್ಣವಸ್ತ್ರ. ಗೀತೆಯ ಎರಡನೇ ಅಧ್ಯಾಯದಲ್ಲಿ ‘ವಾಸಾಂಸಿ ಜೀರ್ಣಾನಿ’ ಎಂದು ಬರುವುದು ಈ ಸವೆದ ಬಟ್ಟೆಗೇ. ಕನ್ನಡದ ದಿನಬಳಕೆಯಲ್ಲಿ ಊಟದ ಅರ್ಥ ಮುಂದೆ ಬಂದು ಸವೆದದ್ದು ಎಂಬ ಅರ್ಥ ‘ಜೀರ್ಣೋದ್ಧಾರ’, ‘ಜೀರ್ಣಾವಸ್ಥೆ’ಯಂಥ ಪದಗಳೊಳಗೆ ಉಳಿದುಕೊಂಡಿದೆ.

ಹಾಗೆಯೇ ಕಾಗುಣಿತ: ಜೀ ದೀರ್ಘ, ಅರ್ಕಾವೊತ್ತಿನ ಪ್ರಭಾವದಿಂದ ಣ. ಪೂರ್ಣ, ವಿಸ್ತೀರ್ಣ, ಉತ್ತೀರ್ಣ ಎಲ್ಲವೂ ಇದೇ ಅಚ್ಚು. ‘ಜೀರ್ನ’ ಇಲ್ಲ.

ಶಾಸನಪ್ರಿಯ:
ಈ ಪದ ಕನ್ನಡಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ ಎಂಬುದನ್ನೂ ಸೇರಿಸುತ್ತೇನೆ. ಚಾಲುಕ್ಯ, ಹೊಯ್ಸಳ ಕಾಲದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಿದ್ಧ ನುಡಿಗಟ್ಟು ಮತ್ತೆ ಮತ್ತೆ ಬರುತ್ತದೆ. ಗುಡಿಗೋ ಬಸದಿಗೋ ಭೂಮಿ ಬಿಡುವಾಗ ಅದರ ಆದಾಯ ಏತಕ್ಕೆ ಎಂದು ಬರೆಯುತ್ತಿದ್ದರು: ಅಂಗಭೋಗಕ್ಕೆ (ದೇವರ ನಿತ್ಯಸೇವೆಗೆ), ನೈವೇದ್ಯಕ್ಕೆ, ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ.

ಆ ನುಡಿಗಟ್ಟಿನಲ್ಲಿ ಒಬ್ಬ ಅನುಭವಿ ಮೇಸ್ತ್ರಿಯ ಕಣ್ಣು ಕಾಣುತ್ತದೆ. ಖಂಡ ಎಂದರೆ ತುಂಡಾದದ್ದು. ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಜೀರ್ಣ ಎಂದರೆ ಸವೆದದ್ದು. ಮೂರೂ ಬೇರೆ ಬೇರೆ ರೋಗ, ಮೂರಕ್ಕೂ ಬೇರೆ ಬೇರೆ ಮದ್ದು. ಹಣವನ್ನೂ ಕಟ್ಟಡ ಬಿದ್ದ ಮೇಲೆ ಹುಡುಕುತ್ತಿರಲಿಲ್ಲ, ಕಟ್ಟಿದಾಗಲೇ ಗದ್ದೆ ಬಿಟ್ಟು ವರ್ಷವರ್ಷದ ಆದಾಯದಲ್ಲಿ ತೆಗೆದಿಡುತ್ತಿದ್ದರು. ಹಾಗಾಗಿ ಮೂಲದಲ್ಲಿ ಇದು ನಲವತ್ತು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸಮಾರಂಭದ ಹೆಸರಲ್ಲ, ನಿತ್ಯದ ಆರೈಕೆಗೆ ಇಟ್ಟ ಬಾಬ್ತಿನ ಹೆಸರು.

ಹಳೆಯ ಕಲ್ಲುಗಳಲ್ಲಿ ರೇಫದ (ರ್) ಮುಂದಿನ ವ್ಯಂಜನ ಇಮ್ಮಡಿಯಾಗಿ ‘ಜೀರ್ಣ್ಣೋದ್ಧಾರ’, ‘ಧರ್ಮ್ಮ’ ಎಂದೂ ಇರುತ್ತದೆ. ಅದು ಆ ಕಾಲದ ಬರವಣಿಗೆಯ ರೂಢಿ. ಇಂದಿನ ಫಲಕಕ್ಕೆ ಅದನ್ನು ಅನುಕರಿಸಬೇಕಿಲ್ಲ.

ಗಾರೆಕೆಲಸ:
ಎರಡನೇ ಪ್ರಶ್ನೆಗೆ ನನ್ನ ಉತ್ತರ ನೇರವಾಗಿ ಹೇಳುತ್ತೇನೆ. ಎತ್ತಬೇಕಾದರೆ ಎತ್ತುವ ವಸ್ತು ಅಲ್ಲಿರಬೇಕು. ಹಳೆಯ ಗುಡಿಯನ್ನು ಪೂರಾ ಕೆಡವಿ, ಕಾಂಕ್ರೀಟ್ ಪಿಲ್ಲರ್ ಎಬ್ಬಿಸಿ, ‘ಜೀರ್ಣೋದ್ಧಾರ’ ಎಂದು ಬೋರ್ಡ್ ಹಾಕಿದರೆ ಆ ಪದಕ್ಕೆ ಅನ್ಯಾಯ. ಅದು ಪುನರ್ನಿರ್ಮಾಣ. ನಿಮ್ಮ ಮಂಟಪ ಪೂರ್ತಿ ಹೊಸದಾದರೆ ‘ನೂತನ ಮಂಟಪ ನಿರ್ಮಾಣ’ ಎನ್ನಿ, ಗರ್ಭಗುಡಿಗೆ ಜೀರ್ಣೋದ್ಧಾರ ಎನ್ನಿ. ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ, ಯಾರಿಗೂ ಅವಮಾನವಿಲ್ಲ.

ಕೆಲಸದ ಸ್ವರೂಪ ನೋಡಿ ಪದ ಆರಿಸಬೇಕು. ನಮ್ಮ ಕಡೆಯ ಹಂಚಿನ ಕಟ್ಟಡಗಳನ್ನೇ ತೆಗೆದುಕೊಳ್ಳಿ. ಒಡೆದ ಹಂಚು ಬದಲಿಸಿದಿರಿ, ನಾಲ್ಕು ರೀಪು ಹೊಸದು ಹೊಡೆದಿರಿ: ಇದು ದುರಸ್ತಿ. ವೈರಿಂಗ್, ಶೌಚಾಲಯ, ನೆಲಕ್ಕೆ ಹೊಸ ಟೈಲ್ಸ್: ಇದು ನವೀಕರಣ, ಏಕೆಂದರೆ ಇಲ್ಲದ್ದನ್ನು ಅಥವಾ ಬೇರೆ ಥರದ್ದನ್ನು ತಂದು ಹೊಸತು ಮಾಡಿದ್ದೀರಿ. ಆದರೆ ಗೆದ್ದಲು ತಿಂದ ಕಂಬದ ಬುಡವನ್ನಷ್ಟೇ ಕತ್ತರಿಸಿ, ಮೇಲಿನ ಭಾರಕ್ಕೆ ಜಾಕಿ ಕೊಟ್ಟು, ಅದೇ ಜಾತಿಯ ಒಣಗಿದ ಮರದ ತುಂಡನ್ನು ಸೇರಿಸಿ ಮೇಲಿನ ಹಳೇ ಕೆತ್ತನೆ ಉಳಿಸಿಕೊಂಡಿರಲ್ಲ, ಅದು ಜೀರ್ಣೋದ್ಧಾರ. ಸವೆದದ್ದನ್ನು ಎತ್ತಿ ನಿಲ್ಲಿಸಿದ್ದು.

ಗೋಡೆಯ ವಿಷಯ ಇನ್ನೂ ಮುಖ್ಯ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದು ಜೀರ್ಣೋದ್ಧಾರ ಎನ್ನುವುದು ಈ ಜಿಲ್ಲೆಯಲ್ಲಿ ಬಹಳ. ಮಳೆಗಾಲದ ನಾಲ್ಕು ತಿಂಗಳು ಗೋಡೆ ನೆಲದಿಂದ ನೀರು ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ನೀರು ಮೇಲೇರಿ ತೊಲೆ, ಬಾಗಿಲ ಚೌಕಟ್ಟು ಸೇರುತ್ತದೆ, ಸಿಮೆಂಟ್ ಪದರ ಒಳಗಿನ ಮಣ್ಣನ್ನೂ ಹಿಡಿದುಕೊಂಡು ಹಾಳೆಹಾಳೆಯಾಗಿ ಕಳಚುತ್ತದೆ. ಸುಣ್ಣದ ಗಾರೆಯಾದರೆ ಒಂದು ಪಾಲು ಚೆನ್ನಾಗಿ ಅರಳಿದ ಸುಣ್ಣ, ಮೂರು ಪಾಲು ಮರಳು. ಒಂದೇ ಸಲ ದಪ್ಪ ಬಳಿಯದೆ ಎರಡು ತೆಳು ಪದರ, ನಡುವೆ ಒಣಗಲು ಬಿಡುವು, ಆದರೆ ಬಿಸಿಲಿಗೆ ಸೀಳದಂತೆ ಒದ್ದೆ ಗೋಣಿಯ ಮರೆ. ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ ಶುರು ಮಾಡಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು ಛಾವಣಿ ಮುಚ್ಚಬೇಕು. ಕಾಫಿ ಕುಯ್ಲೂ ಅದೇ ಹೊತ್ತಿಗೆ ಬರುವುದರಿಂದ ಆಳು ಸಿಗುವುದು ಕಷ್ಟ, ಮೊದಲೇ ಮಾತಾಡಿಕೊಂಡಿರಬೇಕು.

ಶಾಸನಪ್ರಿಯ:
ಗಾರೆಕೆಲಸದವರ ಕಾಳಜಿ ಸರಿ. ಆದರೆ ಪದದ ಅರ್ಥವನ್ನು ಅಷ್ಟು ಕಿರಿದು ಮಾಡಲಾಗದು. ಅಗ್ನಿಪುರಾಣದಲ್ಲಿ ಬಿಂಬದ ಜೀರ್ಣೋದ್ಧಾರ ವಿಧಿ ಇದೆ. ತೀರಾ ಜೀರ್ಣವಾದ ವಿಗ್ರಹ ಶಿಲೆಯದಾದರೆ ನೀರಿಗೆ ಬಿಡಬೇಕು, ಮರದ್ದಾದರೆ ಬೆಂಕಿಗೆ ಕೊಡಬೇಕು, ಹೊಸದನ್ನು ಸ್ಥಾಪಿಸಬೇಕು. ಅಂದರೆ ವಸ್ತು ಪೂರ್ತಿ ಬದಲಾದರೂ ಅದಕ್ಕೆ ಜೀರ್ಣೋದ್ಧಾರವೆಂದೇ ಹೆಸರು. ಅಲ್ಲಿ ಎತ್ತಿದ್ದು ಕಲ್ಲನ್ನಲ್ಲ, ಸಾನ್ನಿಧ್ಯವನ್ನು.

ಗಾರೆಕೆಲಸ:
ಒಪ್ಪಿದೆ, ಬಿಂಬದ ವಿಷಯದಲ್ಲಿ. ಆದರೆ ಅಲ್ಲೂ ‘ತೀರಾ ಜೀರ್ಣವಾದ’ ಎಂಬ ಷರತ್ತಿದೆಯಲ್ಲ? ಗಟ್ಟಿಯಾಗಿರುವ ಕಲ್ಲಿನ ಗೋಡೆಯನ್ನು ಜಾಗ ಸಾಲದೆಂದು ಜೆಸಿಬಿ ತಂದು ಒಡೆಯುವುದಕ್ಕೆ ಆ ವಿಧಿ ಆಧಾರವಾಗದು. ಜೀರ್ಣವೇ ಆಗದ್ದನ್ನು ಉದ್ಧಾರ ಮಾಡುವುದು ಹೇಗೆ?

ಶಾಸನಪ್ರಿಯ:
ಆ ಮಾತಿಗೆ ನನ್ನ ವಿರೋಧವಿಲ್ಲ. ‘ಜೀರ್ಣ’ ಎಂಬ ಅರ್ಧವನ್ನು ಎಲ್ಲರೂ ಮರೆತು ‘ಉದ್ಧಾರ’ವನ್ನಷ್ಟೇ ಹಿಡಿದುಕೊಂಡಿದ್ದಾರೆ.

ತಂತ್ರಿಪಾಠ:
ವೈದಿಕ ಕಡೆಯಿಂದ ಒಂದು ಸ್ಪಷ್ಟನೆ. ಆಮಂತ್ರಣಗಳಲ್ಲಿ ಎಲ್ಲವನ್ನೂ ಬೆರೆಸಿ ಬರೆಯುತ್ತಾರೆ. ಕ್ರಮ ಹೀಗೆ: ಕೆಲಸಕ್ಕೆ ಮೊದಲು ದೇವರ ಅನುಜ್ಞೆ (ಅಪ್ಪಣೆ) ಪಡೆದು, ಬಿಂಬದ ಚೈತನ್ಯವನ್ನು ಕಲಶಕ್ಕೆ ಸೆಳೆಯುತ್ತಾರೆ, ಅದು ಕಲಾಕರ್ಷಣೆ. ಆ ಚೈತನ್ಯವನ್ನು ತಾತ್ಕಾಲಿಕ ಗುಡಿಯಲ್ಲಿ ಇರಿಸಿ ಪೂಜಿಸುತ್ತಾರೆ, ಅದು ಬಾಲಾಲಯ. ಕಟ್ಟಡದ ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ, ಪೀಠಕ್ಕೂ ಬಿಂಬಕ್ಕೂ ಬೆಸುಗೆಯಾಗುವ ಅಷ್ಟಬಂಧ, ಕೊನೆಗೆ ಬ್ರಹ್ಮಕಲಶಾಭಿಷೇಕ. ಹನ್ನೆರಡು ವರ್ಷಕ್ಕೊಮ್ಮೆ ಅಷ್ಟಬಂಧ ಮಾತ್ರ ಹೊಸತು ಮಾಡಿ ಬ್ರಹ್ಮಕಲಶ ಮಾಡುವ ರೂಢಿ ಇದೆ. ಅದನ್ನು ಜೀರ್ಣೋದ್ಧಾರ ಎಂದು ಕರೆಯಬಾರದು. ಕಟ್ಟಡ ಮುಟ್ಟಿಯೇ ಇಲ್ಲ.

ಕಾಗುಣಿತವೂ ನೋಡಿಕೊಳ್ಳಿ. ‘ಪ್ರತಿಷ್ಠೆ’ಯಲ್ಲಿ ಠ, ಅದು ಸ್ಥಾ ಧಾತುವಿನದು; ನಿಷ್ಠೆ, ಅನುಷ್ಠಾನ ಕೂಡ ಹಾಗೆಯೇ. ‘ಅಷ್ಟಬಂಧ’ದಲ್ಲಿ ಟ, ಅದು ಎಂಟು ದ್ರವ್ಯಗಳ ಅಷ್ಟ, ಕೊನೆಯಲ್ಲಿ ಧ. ‘ಅಷ್ಠಬಂದ’ ಎಂದು ಬರೆದರೆ ಎರಡು ಅಕ್ಷರ ತಪ್ಪಿದಂತೆ.

ಕಕ್ಕಬ್ಬೆಮಳೆ:
ಪುನಃಪ್ರತಿಷ್ಠೆಯೋ ಪುನರ್‌ಪ್ರತಿಷ್ಠೆಯೋ? ಎರಡೂ ನೋಡಿದ್ದೀನಿ.

ಸಂಧಿವಿಗ್ರಹ:
ಪುನಃಪ್ರತಿಷ್ಠೆ. ‘ಪುನಃ’ದ ವಿಸರ್ಗ ಮುಂದಿನ ಅಕ್ಷರ ನೋಡಿಕೊಂಡು ಬಣ್ಣ ಬದಲಿಸುತ್ತದೆ. ಮುಂದೆ ಪ, ಕ ಇದ್ದರೆ ವಿಸರ್ಗವೇ ಉಳಿಯುತ್ತದೆ. ಚ ಇದ್ದರೆ ಶ್ ಆಗುತ್ತದೆ, ಪುನಶ್ಚೇತನ. ಸ್ವರವೋ ಮೃದು ವ್ಯಂಜನವೋ ಇದ್ದರೆ ರ್ ಆಗುತ್ತದೆ: ಪುನರುಜ್ಜೀವನ, ಪುನರ್ನಿರ್ಮಾಣ, ಪುನರ್ವಸತಿ. ‘ಪುನರುಜ್ಜೀವನ’ದಲ್ಲಿ ಜ್ಜ ಬೇಕು, ಉತ್ + ಜೀವನ. ರಕಾರ ಮುಂದಿದ್ದರೆ ಸಂಸ್ಕೃತದಲ್ಲಿ ‘ಪುನಾರಚನೆ’ ಆಗಬೇಕು, ಕನ್ನಡದ ರೂಢಿ ‘ಪುನರ್ರಚನೆ’. ಇದರಲ್ಲಿ ರೂಢಿಯ ಜೊತೆ ಹೋಗುವುದೇ ನನ್ನ ಸಲಹೆ.

ಕಡತವಿಭಾಗ:
ಅರ್ಜಿ, ಠರಾವು ಬರೆಯುವವರಿಗೆ ಒಂದು ಎಚ್ಚರಿಕೆ. ಕಚೇರಿಯಲ್ಲಿ ಪದ ಬದಲಾದರೆ ಅರ್ಥ ಮಾತ್ರವಲ್ಲ, ಅನುಮತಿಯೂ ಬದಲಾಗುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿ ‘ನಿರ್ಮಾಣ’, ‘ಪುನರ್ನಿರ್ಮಾಣ’, ‘ದುರಸ್ತಿ ಮತ್ತು ನವೀಕರಣ’ ಮೂರನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸಿದೆ. ಹಿಂದಿದ್ದ ಉದ್ದ, ಅಗಲ, ಎತ್ತರದ ಮಿತಿಯೊಳಗೆ ಮತ್ತೆ ಕಟ್ಟಿದರೆ ಪುನರ್ನಿರ್ಮಾಣ. ಅಡ್ಡಕ್ಕೋ ಎತ್ತರಕ್ಕೋ ಹೆಚ್ಚಿಸಿದರೆ ನಿರ್ಮಾಣ. ಇರುವ ಕಟ್ಟಡದಲ್ಲೇ ಬದಲಾವಣೆ ಮಾಡಿದರೆ ದುರಸ್ತಿ ಮತ್ತು ನವೀಕರಣ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಖಾಸಗಿ ಕಟ್ಟಡದವರು ಕೇಳಬಹುದಾದ್ದು ದುರಸ್ತಿ, ನವೀಕರಣಕ್ಕೆ ಮಾತ್ರ, ಅದೂ ಕಟ್ಟಡ ಹಳೆಯದಾಗಿದ್ದರೆ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಪುನರ್ನಿರ್ಮಾಣಕ್ಕೂ ಅರ್ಜಿ ಹಾಕಬಹುದು.

ಆದ್ದರಿಂದ ಇಂಥ ಜಾಗದ ಅರ್ಜಿಯಲ್ಲಿ ಭಕ್ತಿಯಿಂದ ‘ಜೀರ್ಣೋದ್ಧಾರ’ ಎಂದಷ್ಟೇ ಬರೆದರೆ ಮೂರರಲ್ಲಿ ಯಾವುದೆಂದು ತಿಳಿಯದೆ ಕಡತ ಹಿಂದಿರುಗುತ್ತದೆ. ವಿಷಯದ ಸಾಲಿನಲ್ಲಿ ಕಾನೂನಿನ ಪದ, ವಿವರದಲ್ಲಿ ಕೆಲಸದ ಪಟ್ಟಿ ಇರಲಿ. ‘ನವೀಕರಣ’ಕ್ಕೆ ಕಚೇರಿಯಲ್ಲಿ ಇನ್ನೊಂದು ಅರ್ಥವೂ ಉಂಟು, ಪರವಾನಗಿ ನವೀಕರಣ. ಅದಕ್ಕೇ ‘ಕಟ್ಟಡ ನವೀಕರಣ’ ಎಂದು ಪೂರ್ತಿ ಬರೆಯಿರಿ.

ಬೆಟ್ಟಗೇರಿ_ಓಣಿ:
ಐನ್‌ಮನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಐನ್‌ಮನೆ ಬರೇ ವಾಸದ ಮನೆಯಲ್ಲ. ನಡುಮನೆಯ ಪವಿತ್ರ ದೀಪವಾದ ನೆಲ್ಲಕ್ಕಿ ಬೊಳ್ಚ ಉರಿಯುವ ಜಾಗ, ಪಕ್ಕದಲ್ಲಿ ಕೈಮಡ (ಹಿರಿಯರ ಗುಡಿ), ಕಾರಣವರಿಗೆ (ಕುಲದ ಪೂರ್ವಿಕರಿಗೆ) ಮೀದಿ (ಎಡೆ) ಇಡುವ ಜಾಗ. ಒಕ್ಕದವರೆಲ್ಲ (ಒಂದೇ ಕುಲದವರೆಲ್ಲ) ಸೇರುವ ಮೂಲಮನೆ. ಹಾಗಾಗಿ ‘ನವೀಕರಣ’ ಎಂದರೆ ತೆಳುವಾಗುತ್ತದೆ, ಜೀರ್ಣೋದ್ಧಾರವೇ ಹೊಂದುತ್ತದೆ. ಆದರೆ ಗಾರೆಕೆಲಸದವರು ಹೇಳಿದ ಷರತ್ತು ಇಲ್ಲಿ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಕೈಯಾಲೆಯ (ಜಗಲಿಯ) ಕಂಬ, ಐಮರ (ಜಗಲಿಯಲ್ಲಿ ಕೂರುವ ಮರದ ಹಲಗೆ), ನಡುಬಾಡೆಯ (ನಡುಮನೆಯ) ಕೆತ್ತನೆಯ ಬಾಗಿಲು ಉಳಿದಿದ್ದರೆ ಆ ಪದ ಬಳಸಿ. ಎಲ್ಲ ಕೆಡವಿ ಟೆರೇಸ್ ಮನೆ ಕಟ್ಟಿದ್ದರೆ ‘ಐನ್‌ಮನೆ ಪುನರ್ನಿರ್ಮಾಣ, ಗೃಹಪ್ರವೇಶ’ ಎಂದೇ ಬರೆಯಿರಿ.

‘ಐನ್‌ಮನೆ’ ಎಂದು ನಕಾರ ಬಿಡಿಸಿ ಬರೆಯಲಿ. ಜೋಡಿಸಿದರೆ ‘ಐನ್ಮನೆ’ ಆಗಿ ಓದಲು ತೊಡಕು.

ಅಕ್ಷರಜೋಡಣೆ:
ಕರಡಿನಲ್ಲಿ ಮೂರು ರೂಪ ಬಂದದ್ದು ಬರೆದವರ ತಪ್ಪೇ ಆಗಿರಬೇಕಿಲ್ಲ. ಡಿಟಿಪಿಯಲ್ಲಿ ಈ ಪದ ಹಾಳಾಗಲು ನಾಲ್ಕೈದು ದಾರಿಗಳಿವೆ.

ನುಡಿ ಕೀಲಿಮಣೆಯಲ್ಲಿ ಒಟ್ಟು ಹನ್ನೊಂದು ಒತ್ತು: ಜೆ, ಶಿಫ್ಟ್ ಐ, ಆರ್, ಎಫ್, ಶಿಫ್ಟ್ ಎನ್, ಶಿಫ್ಟ್ ಓ, ಡಿ, ಎಫ್, ಶಿಫ್ಟ್ ಡಿ, ಶಿಫ್ಟ್ ಎ, ಆರ್. ಎರಡನೇ ‘ಡಿ’ಗೆ ಶಿಫ್ಟ್ ಬಿಟ್ಟುಹೋದರೆ ದ್ದಾ ಆಗುತ್ತದೆ. ನೀವು ಕಂಡ ತಪ್ಪು ಅದೇ.

ಇನ್ನೊಂದು ದೊಡ್ಡ ತೊಂದರೆ ಹಳೆಯ ನುಡಿ, ಬರಹ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ಬದಲಿಸುವಾಗ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರ್ ಮೊದಲು ಬರಬೇಕು. ಪರಿವರ್ತಕ ಸರಿಯಿಲ್ಲದಿದ್ದರೆ ಅರ್ಕಾವೊತ್ತು ಜಾರಿ ‘ಜೀಣೋರ್ದ್ಧಾರ’ ಆಗುತ್ತದೆ, ಇಲ್ಲವೇ ಬಿದ್ದೇ ಹೋಗಿ ‘ಜೀಣೋದ್ಧಾರ’. ‘ನಿರ್ಮಾಣ’ ಹೋಗಿ ‘ನಿಮಾರ್ಣ’ ಆಗುವುದೂ ಇದೇ ಕಾರಣಕ್ಕೆ. ಫಲಕದ ಪಠ್ಯದಲ್ಲಿ ಅರ್ಕಾವೊತ್ತಿರುವ ಪದಗಳನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ನೋಡಿ: ಜೀರ್ಣ, ನಿರ್ಮಾಣ, ಕಾರ್ಯ, ವರ್ಷ, ಧರ್ಮ, ಕಾರ್ಯದರ್ಶಿ ಎಂದು ಬರುವ ಕಡೆ.

ಕಲ್ಲುಕೆತ್ತನೆ:
ಕಲ್ಲಿನ ಮೇಲಿನ ತೊಂದರೆ ಬೇರೆ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ದೊಡ್ಡ ಅಕ್ಷರದಲ್ಲಿ ಅದು ಕಾಣುತ್ತದೆ. ಆದರೆ ನಿಮ್ಮ ಪದದಲ್ಲಿ ಧ ಇರುವುದು ಒತ್ತಿನಲ್ಲಿ, ಒತ್ತು ಮೂಲ ಅಕ್ಷರದ ಸುಮಾರು ಅರ್ಧದಷ್ಟು. ಒಂದಿಂಚಿನ ಅಕ್ಷರ ಕೆತ್ತಿಸಿದರೆ ಒತ್ತಿನ ಸೀಳಿಗೆ ಜಾಗವೇ ಉಳಿಯುವುದಿಲ್ಲ. ಕೆತ್ತನೆಯ ಅಂಚು ಉದುರುತ್ತದೆ, ಚಿನ್ನದ ಬಣ್ಣ ತುಂಬುವಾಗ ಉಳಿದ ಗೆರೆಯೂ ಮುಚ್ಚಿ ದ್ದ ಆಗಿಬಿಡುತ್ತದೆ. ಬರೆದುಕೊಟ್ಟದ್ದು ಸರಿ, ಕಲ್ಲಿನ ಮೇಲೆ ತಪ್ಪು.

ಪರಿಹಾರ ಹೀಗೆ. ತಲೆಬರಹದ ಅಕ್ಷರ ಎರಡಿಂಚಿಗಿಂತ ಕಡಿಮೆ ಬೇಡ. ತೀರಾ ದಪ್ಪ ಫಾಂಟ್ ಬೇಡ, ದಪ್ಪವಾದಷ್ಟೂ ಸೀಳು ಕಿರಿದಾಗುತ್ತದೆ. ಸಾಲುಗಳ ನಡುವೆ ಅಕ್ಷರದ ಎತ್ತರದಷ್ಟೇ ಜಾಗ ಬಿಡಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟು, ಗುಡಿಸಿಗೆ ತಾಗುತ್ತದೆ. ಪದವನ್ನು ಎರಡು ಸಾಲಿಗೆ ಒಡೆಯಬೇಡಿ. ‘ದ್ಧಾರ’ ಎಂದು ಸಾಲು ಶುರುವಾದರೆ ಓದುವವರು ತಡವರಿಸುತ್ತಾರೆ. ಜಾಗ ಸಾಲದಿದ್ದರೆ ‘ಸಮಿತಿ’ಯನ್ನು ಕೆಳಗಿಳಿಸಿ.

ಕಾಟಕೇರಿತಿರುವು:
ಉಚ್ಚಾರದಲ್ಲಿ ಯಾರೂ ಧ ಹೇಳುವುದಿಲ್ಲವಲ್ಲ. ಕೊಡವ ತಕ್ಕ್‌ನ (ಕೊಡವ ಭಾಷೆಯ) ಸ್ವಂತ ಪದಗಳಲ್ಲಿ ಮಹಾಪ್ರಾಣವೇ ಇಲ್ಲ, ಆಡುಗನ್ನಡದಲ್ಲೂ ಹೆಚ್ಚಿನವರು ‘ದ್ದಾ’ ಎಂದೇ ಹೇಳುವುದು. ಹಾಗೇ ಬರೆದರೆ ಏನು ತಪ್ಪು? ಮಹಾಪ್ರಾಣ ಬಿಡಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರೇ ವಾದಿಸಿದ್ದಾರೆ.

ಸಂಧಿವಿಗ್ರಹ:
ಅವರ ವಾದ ಒಂದು ಪೂರ್ಣ ವ್ಯವಸ್ಥೆಯ ಬಗ್ಗೆ. ಆ ಬರಹದಲ್ಲಿ ಬರೆಯುವುದಾದರೆ ‘ಧರ್ಮ’, ‘ಅಧ್ಯಕ್ಷ’, ‘ಅಷ್ಟಬಂಧ’ ಎಲ್ಲದರಲ್ಲೂ ಮಹಾಪ್ರಾಣ ಬಿಡಬೇಕು. ಅದು ಒಂದು ಆಯ್ಕೆ, ಗೌರವಿಸೋಣ. ಆದರೆ ಉಳಿದ ಪದಗಳಲ್ಲಿ ಇಟ್ಟು ಇದೊಂದರಲ್ಲಿ ಬಿಟ್ಟರೆ ಅದು ತಪ್ಪಾಗಿಯೇ ಕಾಣುತ್ತದೆ. ಜೊತೆಗೆ ಅರ್ಥ ಕೆಡುವ ಜಾಗಗಳೂ ಇವೆ. ದಾನಿಗಳ ಪಟ್ಟಿಯ ಮೇಲೆ ‘ಧನಸಹಾಯ’ ಇರಬೇಕಾದಲ್ಲಿ ‘ದನಸಹಾಯ’ ಎಂದಿದ್ದರೆ ಕೊಟ್ಟವರಿಗೆ ನೋವಾಗುತ್ತದೆ.

ಉಚ್ಚಾರ ಕಿವಿಗೆ ನೆರವಾಗುವುದಿಲ್ಲ ಎಂಬ ನಿಮ್ಮ ಮಾತು ಮಾತ್ರ ನೂರಕ್ಕೆ ನೂರು ಸರಿ. ಅದಕ್ಕೇ ಸಂಧಿ ಬಿಡಿಸಿ ನೆನಪಿಟ್ಟುಕೊಳ್ಳಿ ಎನ್ನುವುದು.

ಶಾಸನಪ್ರಿಯ:
ಒಂದು ಸಣ್ಣ ಬಳಕೆಯ ವಿಷಯ. ‘ಜೀರ್ಣೋದ್ಧಾರಗೊಳಿಸಲಾಯಿತು’, ‘ಜೀರ್ಣೋದ್ಧಾರ ಮಾಡಿಸಿದರು’, ‘ಜೀರ್ಣೋದ್ಧಾರಗೊಂಡ’ ಎಲ್ಲವೂ ಸರಿ. ‘ಜೀರ್ಣೋದ್ಧಾರಿತ’ ಬೇಡ. ಸಂಸ್ಕೃತದ ಕೃದಂತ ರೂಪ ‘ಉದ್ಧೃತ’, ಅದು ಕನ್ನಡದಲ್ಲಿ ಬೇರೆ ಅರ್ಥಕ್ಕೆ ಹೋಗಿದೆ. ಕೆರೆಗೂ ಈ ಪದ ಸಲ್ಲುತ್ತದೆ. ರಸ್ತೆಗೆ, ಬಸ್ ನಿಲ್ದಾಣಕ್ಕೆ ಸಲ್ಲದು. ಅಲ್ಲಿ ದುರಸ್ತಿ ಎಂಬ ಪಾರ್ಸಿ ಮೂಲದ ಪದವೇ ಚೆಂದ. ದೇವಸ್ಥಾನಕ್ಕೆ ಮಾತ್ರವೆಂದೂ ತಿಳಿಯಬೇಡಿ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ 11ನೇ ಶತಮಾನದ ಕೊಂಗಾಳ್ವರ ಕಾಲದ ಬಸದಿಗಳಿವೆ. ಶಾಸನಗಳ ಬಳಕೆಯಲ್ಲಿ ಬಸದಿಗೂ ಇದೇ ಪದ.

ನಾಪೋಕ್ಲು_ನಾಡು:
ಎಲ್ಲರ ಮಾತು ಸೇರಿಸಿ ಪಠ್ಯ ಹೀಗೆ ಬದಲಿಸಿದೆ. ತಪ್ಪಿದ್ದರೆ ಹೇಳಿ.

‘ಶ್ರೀ ಈಶ್ವರ ದೇವಸ್ಥಾನ. ಗರ್ಭಗುಡಿಯ ಜೀರ್ಣೋದ್ಧಾರ ಹಾಗೂ ನೂತನ ಮಂಟಪದ ನಿರ್ಮಾಣ. ಗರ್ಭಗುಡಿಯ ಗೋಡೆ ಮತ್ತು ಪಾಣಿಪೀಠ ಮೊದಲಿನವೇ. ಮಾಡಿನ ಮರ ಮತ್ತು ಹಂಚು ಹೊಸದು. ಶಂಖುಸ್ಥಾಪನೆ, ಪುನಃಪ್ರತಿಷ್ಠೆ, ಅಷ್ಟಬಂಧ ಬ್ರಹ್ಮಕಲಶ ನೆರವೇರಿದ ದಿನಗಳು...’

ಗಾರೆಕೆಲಸ:
‘ಮೊದಲಿನವೇ’ ಎಂಬ ಸಾಲು ಹಾಕಿದ್ದು ಬಹಳ ಒಳ್ಳೆಯದು. ಐವತ್ತು ವರ್ಷದ ನಂತರ ಕೆಲಸ ಮಾಡುವವರಿಗೆ ಯಾವುದು ಮುಟ್ಟಬಾರದ್ದು ಎಂದು ಕಲ್ಲೇ ಹೇಳುತ್ತದೆ. ಮರದ ಜಾತಿಯನ್ನೂ ಒಂದು ಪದದಲ್ಲಿ ಸೇರಿಸಿ.

ಸಂಧಿವಿಗ್ರಹ:
ಒಂದು ತಿದ್ದುಪಡಿ ಇದೆ. ‘ಶಂಖುಸ್ಥಾಪನೆ’ ಅಲ್ಲ, ಶಂಕುಸ್ಥಾಪನೆ. ಶಂಕು ಎಂದರೆ ಗೂಟ, ನೆಲ ಗುರುತಿಸಲು ನೆಡುವುದು. ಊದುವ ಶಂಖಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಲ್ಲುಕೆತ್ತನೆ:
ತಿದ್ದಿದ ಪಠ್ಯವನ್ನು ಮೊಬೈಲ್ ಸಂದೇಶವಾಗಿ ಕೊಡಬೇಡಿ, ಕೆತ್ತುವವರು ಮತ್ತೆ ಟೈಪ್ ಮಾಡಬೇಕಾಗುತ್ತದೆ. ಪಿಡಿಎಫ್ ಮಾಡಿ ಕೊಡಿ. ಕಲ್ಲಿನಷ್ಟೇ ಅಳತೆಯ ಪ್ರಿಂಟ್ ತೆಗೆಸಿ, ಇಬ್ಬರು ಕೂತು ಒಬ್ಬರು ಅಕ್ಷರ ಅಕ್ಷರ ಓದಿ ಇನ್ನೊಬ್ಬರು ಗುರುತು ಹಾಕಿ, ಪ್ರತಿ ಸಾಲಿಗೆ ಸಹಿ ಮಾಡಿ. ಸ್ಟಿಕ್ಕರ್ ಕತ್ತರಿಸಿ ಕಲ್ಲಿಗೆ ಅಂಟಿಸಿದ ಮೇಲೆ, ಕೆತ್ತನೆ ಶುರುವಾಗುವ ಮುನ್ನ ದ್ಧ ಒತ್ತಿನ ಸೀಳು ತೆರೆದಿದೆಯೇ ಎಂದು ಇನ್ನೊಮ್ಮೆ ನೋಡಿ. ಬಣ್ಣ ತುಂಬುವ ದಿನವೂ ಅಲ್ಲೇ ಇರಿ.

ನಾಪೋಕ್ಲು_ನಾಡು:
ಶಂಕು ತಿದ್ದಿದೆ. ಮಾಡಿನ ಮರ ಹಲಸು, ಅದನ್ನೂ ಸೇರಿಸಿದೆ. ನಾಳೆ ಪ್ರಿಂಟ್ ತೆಗೆಸುತ್ತೇವೆ.